ಅಮೃತಕಲಶವನ್ನು ಹೊತ್ತವನು

ಬಿಂಡಿಗನವಿಲೆಯ ಗರುಡನೆದುರು ಕೈಮುಗಿದು ನಿಂತಾಗಲೆಲ್ಲ ನನ್ನ ಮನಸ್ಸು ಆತನ ಬಲವನ್ನಲ್ಲ, ಸಂಯಮವನ್ನೇ ನೆನೆಯುತ್ತದೆ. ತಾಯಿ ವಿನತೆಯ ದಾಸ್ಯವಿಮೋಚನೆಗಾಗಿ ಸ್ವರ್ಗದಿಂದ ಅಮೃತಕಲಶವನ್ನು ಹೊತ್ತುತಂದ ಆ ಪಕ್ಷಿರಾಜನು ದಾರಿಯುದ್ದಕ್ಕೂ ಒಂದು ಹನಿಯನ್ನಾದರೂ ನಾಲಗೆಗೆ ಸೋಕಿಸಲಿಲ್ಲವಾಗಿ, ಆ ಅಲೋಲುಪತೆಗೆ ಮೆಚ್ಚಿ ಮಹಾವಿಷ್ಣುವು ವರವಿತ್ತನೆಂದು ಮಹಾಭಾರತದ ಆದಿಪರ್ವವು ಹೇಳುತ್ತದೆ. ಪರರ ನಿಧಿಯನ್ನು ಹೊರುವವನ ಧರ್ಮವೇನು? ನಮ್ಮ ನಾಡಿನ ಅದಿರು ಹಡಗೇರಿದ ಬಗೆಯನ್ನು ಕಂಡವನಿಗೆ ಈ ಪ್ರಶ್ನೆ ಬರಿಯ ಪುರಾಣದ್ದಲ್ಲ.

ಕುದುರೆಮುಖದ ಅದಿರನ್ನು ನೀರಿನಲ್ಲಿ ಕದಡಿ, 67 ಕಿಲೋಮೀಟರು ಕೊಳವೆಯಲ್ಲಿ ಪಣಂಬೂರಿಗೆ ಹರಿಸಿ, ಅಲ್ಲಿಂದ ಇರಾನಿಗೆ ಕಳುಹಿಸುವುದೆಂದು ಆ ದೇಶದ ಸಾಲವನ್ನೇ ನೆಚ್ಚಿ ಏರ್ಪಾಡಾಗಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಗಿರಾಕಿಯೇ ಇಲ್ಲದಂತಾಗಲು, ಅನ್ಯರನ್ನು ಅರಸಬೇಕಾಯಿತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ಕಾಡಿನ ಗಣಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ನಿಂತಿತು. ಬಳ್ಳಾರಿಯ ಕಥೆ ಇದಕ್ಕಿಂತ ದಾರುಣವಾದುದು. ಸಾವಿರಾರು ರೂಪಾಯಿಗೆ ಮಾರುವ ಅದಿರಿಗೆ 2009ರವರೆಗೆ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನವು ಟನ್ನಿಗೆ ಮೂವತ್ತು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಲಕ್ಷಾಂತರ ಟನ್ ಅದಿರು ಕಾವಲಿದ್ದಂತೆಯೇ ಕಡಲು ದಾಟಿತು. ಕಲಶವನ್ನು ಹೊತ್ತವರು ಅಮೃತವನ್ನು ಕುಡಿದರು.

ಬಡದೇಶವು ಮಾರದೆ ಬದುಕುವುದೆಂತು ಎನ್ನುವವರುಂಟು. ಆ ಮಾತನ್ನು ನಾನು ಹಗುರವಾಗಿ ತಳ್ಳಲಾರೆ. ವಿದೇಶೀ ವಿನಿಮಯವಿಲ್ಲದೆ ಯಂತ್ರವಿಲ್ಲ, ಎಣ್ಣೆಯಿಲ್ಲ. ಆದರೆ ನಾಗಮಂಗಲದ ಒಕ್ಕಲಿಗನು ರಾಗಿಯನ್ನು ಮಾರಿದರೆ ಫಲವನ್ನು ಮಾರಿದಂತೆ, ಹೊಲವು ಮರುವರ್ಷ ಮತ್ತೆ ತೆನೆಯೊಡೆಯುತ್ತದೆ. ಅದಿರನ್ನು ಮಾರಿದವನು ಮಾರಿದ್ದು ಮೂಲವನ್ನು. ಮೂಲವನ್ನು ಮಾರಿ ಬಂದುದನ್ನು ವರಮಾನವೆಂದು ಬರೆದಿಡುವ ಲೆಕ್ಕವೇ ಅಧರ್ಮವೆಂದು ನನ್ನ ನಂಬಿಕೆ. ಹಾಗಾದರೆ ಆ ಮೂಲದ ಒಡೆಯರಾರು? ದೇವರ ಸ್ವತ್ತನ್ನು ನಮ್ಮ ನ್ಯಾಯಾಲಯಗಳು ಎಂದಿಗೂ ಪ್ರಾಯಕ್ಕೆ ಬಾರದ ಬಾಲಕನ ಸ್ವತ್ತೆಂದು ಭಾವಿಸುತ್ತವೆ. ಅರ್ಚಕರಾಗಲಿ ಧರ್ಮದರ್ಶಿಗಳಾಗಲಿ ಅದರ ರಕ್ಷಕರೇ ಹೊರತು ಒಡೆಯರಲ್ಲ. ಇನ್ನೂ ಹುಟ್ಟದ ಮಕ್ಕಳೂ ಅಂತೆಯೇ ಬಾಯಿಲ್ಲದ ಒಡೆಯರು. ಅವರ ಪಾಲಿಗೆ ನಾವು ಧರ್ಮದರ್ಶಿಗಳು. ನಾರ್ವೆ ದೇಶವು 1990ರಲ್ಲಿ ಶಾಸನಮಾಡಿ, ಕಡಲಿನ ತೈಲದಿಂದ ಬಂದ ಹಣವನ್ನು ಮುಂದಿನ ಪೀಳಿಗೆಗೆಂದು ಕೂಡಿಡುತ್ತ ಬಂದಿದೆ. ಅದು ಸಿರಿವಂತರಿಗೆ ಮಾತ್ರ ಸಾಧ್ಯವೆಂಬುದು ಸರಿಯಲ್ಲ. ಮೂಲವನ್ನು ಕಳೆದುಕೊಂಡು ಬದುಕಲಾರದವನು ಬಡವನೇ.

2022ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ನಿಷೇಧಕ್ಕೊಳಗಾಗಿ ನಿಂತಿದ್ದ ಕರ್ನಾಟಕದ ಅದಿರಿನ ರಫ್ತಿಗೆ ಮತ್ತೆ ಅನುಮತಿಯನ್ನಿತ್ತಿದೆ. ಇನ್ನು ಹಡಗೇರುವ ಪ್ರತಿಯೊಂದು ಟನ್ನಿನ ಬೆಲೆಯಲ್ಲಿಯೂ ಒಂದು ಪಾಲನ್ನು ಯಾವ ಸರ್ಕಾರವೂ ಮುಟ್ಟಲಾಗದ ಮೂಲಧನವಾಗಿ ತೆಗೆದಿರಿಸುವಂತೆ ನಮ್ಮ ವಿಧಾನಮಂಡಲವು ಶಾಸನಮಾಡಬೇಕೆಂದು ಬೇಡುತ್ತೇನೆ.