ಸೋಸಿದ ನೀರು, ಸೋಸದ ವೃತ್ತಿ

ನೀರನ್ನು ಬಟ್ಟೆಯಿಂದ ಸೋಸಿ ಕುಡಿಯುವುದು ಶ್ರಾವಕರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಆಚಾರ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಅದೇ ಜಲಾಶಯಕ್ಕೆ ಮರಳಿ ಬಿಡಬೇಕೆಂಬ ವಿಧಿಯೂ ಉಂಟು. ಜೀವದಯೆಯೇ ಇದರ ತಿರುಳು. ಆದರೆ ಅದೇ ಮನೆಯ ಹಿತ್ತಿಲಲ್ಲಿ ನೂಲಿಗೆ ಬಣ್ಣ ಹಾಕುವ, ವಸ್ತ್ರಕ್ಕೆ ಅಚ್ಚೊತ್ತುವ ಸಣ್ಣ ಉದ್ಯೋಗವಿದ್ದು, ಬಣ್ಣದ ನೀರು ನೇರವಾಗಿ ಚರಂಡಿಗೆ ಹರಿದರೆ? ವ್ರತವು ಅಡುಗೆಮನೆಯ ಹೊಸ್ತಿಲಲ್ಲೇ ನಿಂತಂತಾಗುವುದಿಲ್ಲವೇ? ಚಾದರಗಳಿಗೆ ಹೆಸರಾದ ಸೊಲ್ಲಾಪುರದಂತಹ ಊರಿನಲ್ಲಿ ಇದು ಕೇವಲ ತಾತ್ತ್ವಿಕ ಪ್ರಶ್ನೆಯಲ್ಲ.

ಜೀವನೋಪಾಯದಲ್ಲಿ ಒದಗುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಲಾರನೆಂಬುದನ್ನು ಶಾಸ್ತ್ರವು ಬಲ್ಲದು. ಆದ್ದರಿಂದಲೇ ಅದನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿ ಉದ್ಯೋಗೀ ಹಿಂಸೆ ಎಂದು ಕರೆಯಲಾಗಿದೆ. ಆದರೆ ಈ ರಿಯಾಯಿತಿ ಅನಿವಾರ್ಯವಾದುದಕ್ಕೆ ಮಾತ್ರ. ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜನವಾಗಿ ಕೆದಕುವುದನ್ನೂ ಸಸ್ಯಗಳನ್ನು ವ್ಯರ್ಥವಾಗಿ ಕಡಿಯುವುದನ್ನೂ ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ‘ಪ್ರಮಾದಚರ್ಯೆ’ ಎಂಬ ಅನರ್ಥದಂಡವೆಂದು ಎಣಿಸಿದ್ದಾರೆ. ಬಟ್ಟೆಗೆ ಬಣ್ಣ ಬೇಕು, ನಿಜ. ಬಟ್ಟೆಗೆ ಹಿಡಿಯದೆ ಹರಿದುಹೋಗುವ ಬಣ್ಣ ಯಾರಿಗೆ ಬೇಕು?

ಹತ್ತಿಗೆ ಬಳಸುವ ರಿಯಾಕ್ಟಿವ್ ಬಣ್ಣಗಳ ಒಂದು ಪಾಲು ನೂಲಿಗೆ ಹತ್ತದೆ, ಉಪ್ಪಿನೊಡನೆ ನೀರಿನಲ್ಲಿ ಉಳಿಯುತ್ತದೆ. ಕರಗಿದ ಉಪ್ಪನ್ನು ಯಾವ ಸೋಸುಬಟ್ಟೆಯೂ ತಡೆಯದು. ಆದುದರಿಂದ ಸೋಸುವಿಕೆ ಬಣ್ಣದ ಹಂಡೆಗೂ ಮೊದಲೇ ಆರಂಭವಾಗಬೇಕು: ನೂಲನ್ನು ತೂಗಿ ತಕ್ಕಷ್ಟೇ ಬಣ್ಣ ಕಲಸುವುದು, ತಿಳಿಬಣ್ಣದ ನಂತರ ಗಾಢಬಣ್ಣ ಹಾಕುವುದು, ಕೊನೆಯ ಸಲ ಜಾಲಿಸಿದ ನೀರನ್ನು ಮುಂದಿನ ಸರದಿಯ ಮೊದಲ ತೊಳೆತಕ್ಕೆ ಉಳಿಸುವುದು, ಬೇಡಿಕೆಯಿದ್ದಷ್ಟೇ ತಯಾರಿಸುವುದು. ಸೊಲ್ಲಾಪುರ ಸೀಮೆಯಲ್ಲಿ ಹೇರಳವಾದ ದಾಳಿಂಬೆಯ ಸಿಪ್ಪೆಯಿಂದ ಒಳ್ಳೆಯ ಹಳದಿ ದೊರೆಯುತ್ತದೆ. ಅದಕ್ಕೂ ಸೌದೆ, ಪಟಿಕ, ನೀರು ಬೇಕಾದ್ದರಿಂದ ಅದೂ ಸಂಪೂರ್ಣ ನಿರ್ದೋಷವೆಂದು ಮಾರುವುದು ಸತ್ಯವ್ರತಕ್ಕೆ ಒಪ್ಪದು. 1997ರಲ್ಲಿ ಭಾರತ ಸರ್ಕಾರವು ಹಾನಿಕರವಾದ ಕೆಲವು ಅಜೋ ಬಣ್ಣಗಳನ್ನು ನಿಷೇಧಿಸಿತು. ನಿಷೇಧವನ್ನು ಮೀರದಿರುವುದು ಕಾನೂನು. ನಿಷೇಧವಿಲ್ಲದ ಬಣ್ಣದಲ್ಲೂ ಮಿತಿಯನ್ನು ಪಾಲಿಸುವುದು ವ್ರತ.

ಇದರಿಂದ ಲಾಭ ತುಸು ಕುಗ್ಗಬಹುದು. ಆ ಭಾರವನ್ನು ಕುಶಲಕರ್ಮಿಯೊಬ್ಬನೇ ಹೊರಬೇಕೇ? ಪಾಪಕ್ಕೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿವೆ: ಮಾಡುವುದು, ಮಾಡಿಸುವುದು, ಒಪ್ಪುವುದು. ಕಡಿಮೆ ಬೆಲೆಗೆ ಕಡುಬಣ್ಣವನ್ನೇ ಬಯಸುವ ಗ್ರಾಹಕನೂ ಎರಡನೆಯ ದ್ವಾರದಲ್ಲಿ ನಿಂತಿರುತ್ತಾನೆ. ದಶಲಕ್ಷಣ ಪರ್ವದ ಉತ್ತಮ ಸಂಯಮದ ದಿನ ಹೊಸ ವಸ್ತ್ರವನ್ನು ಕೈಗೆತ್ತಿಕೊಳ್ಳುವವರು ಅದರ ಬಣ್ಣದ ನೀರು ಎಲ್ಲಿಗೆ ಹರಿಯಿತೆಂದು ಒಮ್ಮೆ ಕೇಳಲಿ. ಹಾಗೆ ಕೇಳಿ, ನ್ಯಾಯವಾದ ಬೆಲೆಯನ್ನು ಕೊಡುವುದೂ ಪ್ರಾಣಿಸಂಯಮದ ಒಂದು ಅಂಗವೇ ಸರಿ.