ಹೆತ್ತವರಿಗೆ ಕೊಡುವ ಉಡುಗೊರೆ

"ಅಬ್ಬಾ, ನಿಮಗೊಂದು ಟ್ಯಾಬ್ಲೆಟ್ ತಂದಿದ್ದೇನೆ" ಎಂದು ಮಗ ಹೇಳಿದಾಗ ಶಿಡ್ಲಘಟ್ಟದ ಆ ಹಿರಿಯರು ಕೇಳಿದ್ದು, "ಯಾವ ಕಾಯಿಲೆಗೆ?" ಎಂದು. ಸಕ್ಕರೆ ಕಾಯಿಲೆಗೊಂದು, ರಕ್ತದೊತ್ತಡಕ್ಕೊಂದು ಎಂದು ಮಾತ್ರೆ ನುಂಗಿ ಬೇಸತ್ತವರಿಗೆ ಆ ಪದಕ್ಕೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಮನೆಮಂದಿಯೆಲ್ಲ ನಕ್ಕರು. ಅವರೂ ನಕ್ಕರು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿಜಕ್ಕೂ ಈ ಉಡುಗೊರೆ ಯಾವ ಕಾಯಿಲೆಗೆ? ಆ ಕಾಯಿಲೆ ಇರುವುದು ತಂದೆಗೋ, ಮಗನಿಗೋ?

ಮಗ ಇರುವುದು ಬೆಂಗಳೂರಿನಲ್ಲಿ. ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಊರಿಗೆ ಬರುವುದು ಈದ್‌ಗೊಮ್ಮೆ, ನೆಂಟರ ಮದುವೆಗೊಮ್ಮೆ. ತಾಯಿ ತೀರಿಕೊಂಡ ಮೇಲೆ ತಂದೆ ಕಿರಿಯ ಮಗನ ಸಂಸಾರದೊಂದಿಗೆ ಇದ್ದಾರೆ. "ಇನ್ನು ದಿನಾ ಮುಖ ನೋಡಿ ಮಾತಾಡಬಹುದಲ್ಲ" ಎಂಬುದು ಹಿರಿಯ ಮಗನ ಸಮಾಧಾನ. ಆ ಮಾತಿನಲ್ಲಿ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಆದರೆ ಎರಡು ಗಂಟೆಯ ದಾರಿಯನ್ನು ಸವೆಸಲಾಗದವನು ಕೊಟ್ಟ ಕಪ್ಪಕಾಣಿಕೆಯೂ ಅದರಲ್ಲಿ ಸ್ವಲ್ಪ ಬೆರೆತಿದೆಯೆಂದು ಅವನಿಗೇ ಗೊತ್ತು.

ಇಂತಹ ಸಾಧನಗಳೇ ಕೇಡಿನ ಮೂಲವೆಂದು ಬಗೆಯುವ ಸಹೋದರರು ನಮ್ಮಲ್ಲಿದ್ದಾರೆ. ಅವರ ಆತಂಕ ಅರ್ಥವಾಗುತ್ತದೆ, ಆದರೆ ಆ ಅಭಿಪ್ರಾಯ ನನ್ನದಲ್ಲ. ಗೌರಿಬಿದನೂರಿನ ಒಬ್ಬ ತಾಯಿಗೆ ಕಿವಿ ಮಂದ. ಕೊಲ್ಲಿಯಲ್ಲಿರುವ ಮಗಳು ಫೋನಿನಲ್ಲಿ ಏನು ಹೇಳಿದರೂ ಅವರಿಗೆ ಕೇಳುತ್ತಿರಲಿಲ್ಲ. ದೊಡ್ಡ ಪರದೆಯಲ್ಲಿ ಮಗಳ ತುಟಿಯ ಚಲನೆ ಕಾಣತೊಡಗಿದ ಮೇಲೆ ಅರ್ಧಕ್ಕರ್ಧ ಮಾತು ತಿಳಿಯುತ್ತದೆ. ಕಣ್ಣಿನ ಪೊರೆಯಿಂದಾಗಿ ಮುಸ್‌ಹಫ್ ಓದುವುದನ್ನೇ ಬಿಟ್ಟವರು ಅಕ್ಷರಗಳನ್ನು ಬೆರಳುದ್ದಕ್ಕೆ ಹಿಗ್ಗಿಸಿಕೊಂಡು ಮತ್ತೆ ಓದುತ್ತಿದ್ದಾರೆ. ಇದು ಸಣ್ಣ ಅನುಗ್ರಹವೇ?

ಆದರೆ ಉಡುಗೊರೆಯನ್ನು ಆರಿಸುವವನು ಅಂಗಡಿಯಿಂದ ಹೊರಡುತ್ತಾನೆ, ತಂದೆಯಿಂದ ಹೊರಡುವುದಿಲ್ಲ. ಎಷ್ಟು ಜಿಬಿ, ಎಷ್ಟು ಬೆಲೆ ಎಂದು ಕೇಳುತ್ತಾನೆ. ಶಿಡ್ಲಘಟ್ಟದ ಆ ಹಿರಿಯರು ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವರು. ಕುದಿಯುವ ನೀರಿನಲ್ಲಿ ಬೆಂದ ಗೂಡಿನ ಎಳೆಯನ್ನು ಹುಡುಕಿ ತೆಗೆಯುವ ಕೆಲಸ ಅದು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಒರಟಾಗಿ, ಒಣಗಿ, ಚರ್ಮ ದಪ್ಪಗಟ್ಟಿದೆ. ಈ ಪರದೆಗಳು ಕೆಲಸ ಮಾಡುವುದು ಬೆರಳಿನ ಚರ್ಮದ ಮೂಲಕ ಹಾಯುವ ಅತ್ಯಲ್ಪ ವಿದ್ಯುತ್ತನ್ನು ಗುರುತಿಸಿ. ಒಣಗಿ ಜಡ್ಡುಗಟ್ಟಿದ ಬೆರಳನ್ನು ಅವು ಎಷ್ಟೋ ಸಲ ಗುರುತಿಸುವುದೇ ಇಲ್ಲ. ಮುದುಕರು ಒತ್ತುತ್ತಾರೆ, ಏನೂ ಆಗುವುದಿಲ್ಲ. ಇನ್ನೂ ಬಲವಾಗಿ ಒತ್ತುತ್ತಾರೆ, ಬೇರೇನೋ ತೆರೆದುಕೊಳ್ಳುತ್ತದೆ. "ನನಗೆ ಬರುವುದಿಲ್ಲ" ಎಂದು ಬದಿಗಿಡುತ್ತಾರೆ. ತಪ್ಪು ಅವರ ಬುದ್ಧಿಯದಲ್ಲ. ಮಗನನ್ನು ಓದಿಸಿದ ಆ ಬೆರಳುಗಳಿಗಾಗಿ, ತುದಿಗೆ ಮೆತ್ತನೆಯ ರಬ್ಬರು ಇರುವ ಒಂದು ಕಡ್ಡಿಯನ್ನು ಜೊತೆಗೆ ಕೊಳ್ಳಬೇಕೆಂದು ಮಗನಿಗೆ ಹೊಳೆಯಲಿಲ್ಲ.

ಓದುವ ವಿಷಯವೂ ಹಾಗೆಯೇ. ನಮ್ಮ ಕಡೆಯ ಹಿರಿಯರು ಕುರ್‌ಆನ್ ಕಲಿತದ್ದು ಭಾರತದಲ್ಲಿ ಅಚ್ಚಾಗುವ ದಪ್ಪಕ್ಷರದ ಪ್ರತಿಗಳಲ್ಲಿ. ಟ್ಯಾಬ್ಲೆಟ್‌ಗಳಲ್ಲಿ ಹೆಚ್ಚಾಗಿ ಮೊದಲು ಕಾಣುವುದು ಮದೀನಾ ಮುದ್ರಣದ ಲಿಪಿ. ಅದರ ಕೆಲವು ಚಿಹ್ನೆಗಳು ಬೇರೆ. ಎಂಬತ್ತರ ಹರೆಯದಲ್ಲಿ ಅವರು ತಡವರಿಸುತ್ತಾರೆ, ತಮ್ಮ ನೆನಪೇ ಕೆಟ್ಟಿತೇನೋ ಎಂದು ಹೆದರುತ್ತಾರೆ. ಅವರಿಗೆ ಪರಿಚಿತವಾದ ಲಿಪಿಯನ್ನು ಹುಡುಕಿ ಹಾಕಿಕೊಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಯಾರ ಬಳಿ ಇದೆ?

ಬನೀ ಇಸ್ರಾಈಲ್ ಅಧ್ಯಾಯದ 23ನೇ ಸೂಕ್ತದಲ್ಲಿ ಅಲ್ಲಾಹನು ತನ್ನ ಆರಾಧನೆಯ ಆಜ್ಞೆಯ ಬೆನ್ನಿಗೇ ಮಾತಾಪಿತರ ಕುರಿತು ಹೇಳುತ್ತಾನೆ. ಅವರಲ್ಲಿ ಒಬ್ಬರಾಗಲಿ ಇಬ್ಬರಾಗಲಿ ವೃದ್ಧಾಪ್ಯವನ್ನು ತಲುಪಿದರೆ ಅವರ ಮುಂದೆ 'ಉಫ್' ಎಂದು ಸಹ ಹೇಳಬಾರದು, ಗದರಿಸಬಾರದು ಎಂಬುದು ನಮಗೆಲ್ಲ ಬಾಯಿಪಾಠವಾಗಿರುವ ಉಪದೇಶ. ಆದರೆ ಅದೇ ಸೂಕ್ತದಲ್ಲಿ 'ಇಂದಕ' ಎಂಬ ಚಿಕ್ಕ ಪದವೊಂದಿದೆ. ನಿನ್ನ ಬಳಿಯಲ್ಲಿ ಎಂದು ಅದರ ಅರ್ಥ. ಅವರು ಮುದುಕರಾಗುವುದು ನಮ್ಮ ಬಳಿಯಲ್ಲಿ ಎಂದೇ ಆ ಮಾತು ಭಾವಿಸುತ್ತದೆ. ಹತ್ತಿರವಿರುವವನಿಗೆ ತಾನೇ 'ಉಫ್' ಎನ್ನುವ ಪ್ರಸಂಗ ಬರುವುದು? ದೂರದಲ್ಲಿದ್ದು ದಿನಕ್ಕೆ ಐದು ನಿಮಿಷ ಪರದೆಯಲ್ಲಿ ನಗುವವನಿಗೆ ಆ ಪರೀಕ್ಷೆಯೇ ಇಲ್ಲ. ಪರೀಕ್ಷೆಯೆಲ್ಲ ಮನೆಯಲ್ಲಿರುವ ಕಿರಿಯ ಮಗನಿಗೆ, ಸೊಸೆಗೆ. ತಂದೆ ಹತ್ತು ಸಲ ಕರೆದು ಕೇಳುವುದು ಅವರನ್ನು. ಹೆಸರು ಮಾತ್ರ ಉಡುಗೊರೆ ಕಳಿಸಿದವನಿಗೆ. ಇದು ನ್ಯಾಯವೇ?

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಚಿಂತಾಮಣಿಯಲ್ಲಿ ನನ್ನ ಅಮ್ಮೀಗೆ ಇಂಥದ್ದೇ ಒಂದನ್ನು ಕೊಟ್ಟು ಕಲಿಸುತ್ತಿದ್ದೆ. ಕರೆ ಬಂದರೆ ಹಸಿರು ಗುರುತನ್ನು ಮೇಲಕ್ಕೆ ಜರುಗಿಸಬೇಕು, ಅಷ್ಟೇ. ನಾಲ್ಕನೆಯ ಸಲವೂ ಅವರು ಕೆಂಪನ್ನೇ ಮುಟ್ಟಿದರು. "ಎಷ್ಟು ಸಲ ಹೇಳಬೇಕಮ್ಮೀ?" ಎಂದೆ. 'ಉಫ್' ಎನ್ನಲಿಲ್ಲ ನೋಡಿ, ಅಷ್ಟರ ಮಟ್ಟಿಗೆ ನಾನು ಧರ್ಮವಂತ! ಅವರು ಏನೂ ಹೇಳಲಿಲ್ಲ. ಆದರೆ ಅಂದಿನಿಂದ ನನ್ನನ್ನು ಕೇಳುವುದನ್ನು ಬಿಟ್ಟರು. ಪಕ್ಕದ ಮನೆಯ ಹುಡುಗಿಯನ್ನು ಕರೆದು ಕೇಳುತ್ತಿದ್ದರೆಂದು ಆಮೇಲೆ ತಿಳಿಯಿತು. ನನಗೆ 'ಜೀಮ್' ಮತ್ತು 'ಹಾ' ಅಕ್ಷರಗಳ ವ್ಯತ್ಯಾಸ ತಿಳಿಯಲು ಎಷ್ಟು ದಿನ ಬೇಕಾಯಿತು, ಅಷ್ಟು ದಿನವೂ ಕಾಯಿದಾ ಹಿಡಿದು ಒಲೆಯ ಪಕ್ಕದಲ್ಲಿ ಕೂರಿಸಿಕೊಂಡವರು ಅವರೇ. ಅದರ ಮುಂದಿನ ಸೂಕ್ತವು ಹೆತ್ತವರಿಗಾಗಿ ಪ್ರಾರ್ಥಿಸಲು ಕಲಿಸುವಾಗ ನಮ್ಮ ಎಳೆಯ ಪ್ರಾಯವನ್ನು ನೆನಪಿಸುವುದು ಏಕೆಂದು ನನಗೆ ಆ ದಿನ ತಿಳಿಯಿತು.

ಇನ್ನೊಂದು ಸಂಗತಿಯಿದೆ. ಕೊಟ್ಟ ಮೇಲೆ ಅದು ಅವರದು. "ನೀವು ಹೇಗೂ ಬಳಸುವುದಿಲ್ಲ, ಮಗುವಿನ ಪಾಠಕ್ಕೆ ಬೇಕು" ಎಂದು ಎತ್ತಿಕೊಂಡು ಹೋಗುವವರನ್ನು ಚಿಕ್ಕಬಳ್ಳಾಪುರದಲ್ಲಿ ಕಂಡಿದ್ದೇನೆ. ಕೊಟ್ಟ ಉಡುಗೊರೆಯನ್ನು ಮರಳಿ ಪಡೆಯುವುದನ್ನು ಪ್ರವಾದಿವರ್ಯರು(ಸ) ಎಷ್ಟು ಹೇಯವೆಂದು ಕಂಡರೆಂಬುದು ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ತಂದೆ ಏನು ನೋಡಿದರು, ಯಾರೊಡನೆ ಮಾತಾಡಿದರು ಎಂದು ಕದ್ದು ತಡಕುವುದೂ ಸರಿಯಲ್ಲ. ಹಾಗೆಂದು ಅವರನ್ನು ಮೋಸಗಾರರ ಕೈಗೆ ಒಪ್ಪಿಸಿಬಿಡಲಾಗದು. ಪೊಲೀಸರೆಂದು ಹೇಳಿಕೊಂಡು ವಿಡಿಯೋದಲ್ಲಿ ಬೆದರಿಸಿ ಹಣ ದೋಚುವವರು ಹೆಚ್ಚಾಗಿ ಹುಡುಕುವುದೇ ಮುದುಕರನ್ನು. ಬ್ಯಾಂಕಿನ ಲೆಕ್ಕವನ್ನು ಅದಕ್ಕೆ ಜೋಡಿಸದೆ ಇರುವುದು ಒಳ್ಳೆಯದು. ಸೈಬರ್ ವಂಚನೆಗೆ ದೂರು ಕೊಡುವ 1930 ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಹಿಂಬದಿಗೆ ಅಂಟಿಸಿಕೊಡಿ. ಮುಚ್ಚಿಟ್ಟು ಕಾಯುವ ಬದಲು ಹೇಳಿ ಕಾಯುವುದು ಅವರ ಮರ್ಯಾದೆಗೆ ತಕ್ಕುದು.

ಶಿಡ್ಲಘಟ್ಟದ ಮಗ ಈಗ ಎರಡು ವಾರಕ್ಕೊಮ್ಮೆ ಬರುತ್ತಾನೆ. ಟ್ಯಾಬ್ಲೆಟ್‌ನಲ್ಲಿ ಏನೋ ಕೆಟ್ಟಿದೆ ಎಂದು ತಂದೆ ಫೋನು ಮಾಡುತ್ತಾರೆ, ಇವನು ಬಸ್ಸು ಹತ್ತುತ್ತಾನೆ. ಕಳೆದ ಸಲ ನಾನೂ ಅಲ್ಲಿದ್ದೆ. ಮಗ್ರಿಬ್ ಆದ ಮೇಲೆ ಇಬ್ಬರೂ ಜಗಲಿಯಲ್ಲಿ ಅದನ್ನು ನಡುವೆ ಇಟ್ಟುಕೊಂಡು ಕೂತಿದ್ದರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಗನೂ ಅದನ್ನು ಹೇಳಲು ಹೋಗಲಿಲ್ಲ.