ವಿರಳ ಚಿತ್ರಗಳೂ ಪರಿಗ್ರಹವೂ

ಚಿನ್ನ, ಭೂಮಿ, ಧಾನ್ಯಗಳ ಸಂಗ್ರಹವನ್ನು ಪರಿಗ್ರಹವೆಂದು ನಾವು ಸುಲಭವಾಗಿ ಗುರುತಿಸುತ್ತೇವೆ. ಕಲೆಯ ಸಂಗ್ರಹಕ್ಕೆ ಮಾತ್ರ ಅಭಿರುಚಿಯೆಂಬ ಹೆಸರಿಟ್ಟು ಸಮಾಧಾನಪಡುತ್ತೇವೆ. ಇದಕ್ಕೆ ನಾನೇ ಉದಾಹರಣೆ.

ಭಾಲ್ಕಿಯ ನಮ್ಮ ಮನೆಯಲ್ಲಿ ವಿಡಿಯೋ ಕ್ಯಾಸೆಟ್ಟುಗಳ ಒಂದು ಟ್ರಂಕು ಇತ್ತು. ಹೊಡೆದಾಟದ ಚಿತ್ರಗಳಲ್ಲ, ಮನಸ್ಸಿನ ಒಳಗುದಿಯನ್ನು ಮೆಲುದನಿಯಲ್ಲಿ ತೋರುವಂಥವು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ತೆರೆಗೆ ತಂದ ‘ಶರಪಂಜರ’, ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ ಅವುಗಳಲ್ಲಿದ್ದವು. ಮನೋರೋಗದಿಂದ ಗುಣ ಹೊಂದಿ ಮರಳಿದ ಕಾವೇರಿಯನ್ನು ಸುತ್ತಲಿನವರ ಸಂಶಯವೇ ಮತ್ತೆ ಹುಚ್ಚಿಗೆ ನೂಕುತ್ತದೆ; ಗರ್ಭಿಣಿಯಾದ ಎಳೆಯ ವಿಧವೆ ಯಮುನೆಯ ಸಂಕಟವನ್ನು ನಾಣಿಯೆಂಬ ಬಾಲಕನ ಕಣ್ಣುಗಳಿಂದ ನಾವು ಕಾಣುತ್ತೇವೆ. ಇಂಥ ಚಿತ್ರ ನೋಡುವಾಗ ಯಾರೋ ತಮ್ಮ ಗುಟ್ಟನ್ನು ನಮಗೊಬ್ಬರಿಗೇ ಹೇಳಿದಂತೆ ಭಾಸವಾಗುತ್ತದೆ. ಗುಟ್ಟು ಕೇಳಿದವನಿಗೆ ಅದು ತನ್ನದೇ ಎನಿಸತೊಡಗುವುದು. ಪ್ರತಿಯೂ ದುರ್ಲಭವಾದರಂತೂ ಹೇಳುವುದೇ ಬೇಡ.

ಔರಾದಿನಿಂದ ಬಂದ ಸೋದರಳಿಯ ಒಮ್ಮೆ ‘ಘಟಶ್ರಾದ್ಧ’ವನ್ನು ಕೇಳಿದ. “ಮಾಮಾ, ಎರಡು ದಿವಸ ಕೊಡ್ರಿ, ನೋಡಿ ತಂದು ಕೊಡ್ತೀನಿ.” ಟೇಪು ಹಳೆಯದು, ಕೆಡುತ್ತದೆ ಎಂದು ಕೊಡಲಿಲ್ಲ. ನಿಜವಾದ ಕಾರಣ ಬೇರೆ: ಅವನೂ ನೋಡಿದರೆ ನನ್ನ ಸೊತ್ತಿನ ಬೆಲೆ ಕುಗ್ಗೀತೆಂಬ ಅಳುಕು. ಯಮುನೆಗಾಗಿ ಕಣ್ಣೀರಿಟ್ಟವನು ಮನೆಯ ಹುಡುಗನನ್ನು ಬರಿಗೈಯಲ್ಲಿ ಕಳುಹಿಸಿದೆ. ಎರಡು ಮಳೆಗಾಲ ಕಳೆದು ಟ್ರಂಕು ತೆರೆದಾಗ ಟೇಪಿನ ತುಂಬ ಬಿಳಿಯ ಬೂಷ್ಟು. ಬೀದರಿಗೆ ಒಯ್ದು ತೋರಿಸಿದರೂ ಪ್ರಯೋಜನವಾಗಲಿಲ್ಲ.

ಪರಿಗ್ರಹದ ಮೂಲವನ್ನು ನಮ್ಮ ಆಚಾರ್ಯರು ವಸ್ತುವಿನಲ್ಲಿ ಅರಸದೆ ಮಮತ್ವದಲ್ಲಿ ಕಂಡರು. ಹಾಗಾದರೆ ಸಂರಕ್ಷಣೆಯೂ ದೋಷವೇ? ಅಲ್ಲ. ಮೂಡಬಿದಿರೆಯ ಬಸದಿಯಲ್ಲಿ ಧವಲಾ, ಜಯಧವಲಾ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದವರ ಋಣ ದೊಡ್ಡದು. ಆದರೆ ಬಹುಕಾಲ ಅವು ದರ್ಶನಕ್ಕಿದ್ದವು, ಅಧ್ಯಯನಕ್ಕಲ್ಲ. ೧೯ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕಾರ್ಯ ತೊಡಗಿ, ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಗತೊಡಗಿದ ಮೇಲೆಯೇ ಅದು ಲೋಕದ ಸ್ವಾಧ್ಯಾಯಕ್ಕೆ ದಕ್ಕಿತು. ಕಾಪಾಡಿದವರೂ ಬಿಟ್ಟುಕೊಟ್ಟವರೂ ಇಬ್ಬರೂ ಬೇಕಾಯಿತು.

‘ಘಟಶ್ರಾದ್ಧ’ಕ್ಕೂ ಅಂಥ ಭಾಗ್ಯ ಒದಗಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಜೀರ್ಣೋದ್ಧಾರಗೊಂಡು ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. (ಫಿಲಮ್ಮಿನ ಲೇಪಕ್ಕೆ ಪ್ರಾಣಿಗಳ ಮೂಳೆ, ಚರ್ಮಗಳ ಜೆಲಟಿನ್ ಬಳಸುತ್ತಾರೆಂಬುದು ಅಹಿಂಸಾವ್ರತಿಗಳಿಗೆ ಇನ್ನೊಂದು ತೊಡಕು, ಅದನ್ನು ಬೇರೆಯಾಗಿಯೇ ಚರ್ಚಿಸಬೇಕು.) ಆ ಸುದ್ದಿ ಓದಿದಾಗ ಸಂತೋಷಕ್ಕಿಂತ ಮೊದಲು ಬಂದದ್ದು ಸಣ್ಣದೊಂದು ನಷ್ಟದ ಭಾವ: ಇನ್ನು ಎಲ್ಲರೂ ನೋಡಬಹುದಲ್ಲ! ಟೇಪು ಹೋಗಿ ಎಷ್ಟೋ ವರ್ಷಗಳಾಗಿದ್ದರೂ ಮಮತ್ವ ಹೋಗಿರಲಿಲ್ಲ. ಅಳಿಯನಿಗೆ ಆ ಸುದ್ದಿಯನ್ನು ನಾನಿನ್ನೂ ತಿಳಿಸಿಲ್ಲ.